ಅಪ್ಪನ ಬಳಿ ಉಳಿದಿದ್ದ ಒಂದೇ ಪದ

ಅಪ್ಪನಿಗೆ ಲಕ್ವ ಹೊಡೆದಿದ್ದು 2018ರ ನವೆಂಬರಿನಲ್ಲಿ, ಒಂದು ಬೆಳಿಗ್ಗೆ, ಗಡ್ಡ ಬೋಳಿಸಿಕೊಳ್ಳುವಾಗ. ಒಂದು ಕೆನ್ನೆಯ ಸೋಪಿನ ನೊರೆ ಹಾಗೇ ಇತ್ತು. ರೇಜರ್ ಸಿಂಕಿಗೆ ಬಿದ್ದ ಸದ್ದು ಕೇಳಿ ಅಮ್ಮ ಹೋಗಿ ನೋಡಿದರೆ ಅಪ್ಪ ಕನ್ನಡಿಯನ್ನೇ ನೋಡುತ್ತಾ ನಿಂತಿದ್ದರಂತೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. "ಏನೂಂದ್ರೆ, ಏನಾಯ್ತು?" ಅಂತ ಅಮ್ಮ ಕೇಳಿದ್ದಕ್ಕೆ ಅವರು "ರೈಟ್" ಅಂದರಂತೆ.

ಅಷ್ಟೇ. ಆಮೇಲೆ ಸುಮಾರು ಹತ್ತು ತಿಂಗಳು ಅಪ್ಪನ ಬಾಯಲ್ಲಿ ಇದ್ದಿದ್ದು ಆ ಒಂದೇ ಪದ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. 34 ವರ್ಷದ ಸರ್ವೀಸು. ಅದರಲ್ಲಿ ಹೆಚ್ಚಿನ ವರ್ಷಗಳು ಮೈಸೂರು–ಮಡಿಕೇರಿ ರೂಟಿನಲ್ಲೇ ಕಳೆದವು. ದಿನಕ್ಕೆ ಎಷ್ಟು ಸಲ "ರೈಟ್ ರೈಟ್" ಅಂದಿರಬಹುದು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮಾತೆಲ್ಲ ಅಳಿಸಿಹೋದಾಗ, ಆ ಪದ ಮಾತ್ರ ತಳದಲ್ಲಿ ಉಳಿದುಕೊಂಡಿತ್ತು.

ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲು ತೋರಿಸಿದ ಕಡೆ "ಶುಗರ್ ಕಡಿಮೆಯಾಗಿರಬಹುದು, ಮಲಗಿಸಿ ನೋಡಿ" ಅಂದರು. ಮಲಗಿಸಿ ನೋಡುವುದರಲ್ಲೇ ಮಧ್ಯಾಹ್ನವಾಯಿತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅನ್ನೋದು ನಮಗೆ ಗೊತ್ತಾಗುವಷ್ಟರಲ್ಲಿ ಆ ಹೊತ್ತು ದಾಟಿಹೋಗಿತ್ತು. ಇದನ್ನು ಓದುತ್ತಿರುವವರು ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ: ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ, ಮಲಗಿಸಿ ನೋಡಬೇಡಿ. ಸೀದಾ ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ.

ನಾನು ಆಗ ಬೆಂಗಳೂರಿನಲ್ಲಿದ್ದೆ. ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮೈಸೂರಿನ ಬ್ರಾಂಚಿಗೆ ವರ್ಗ ಮಾಡಿಸಿಕೊಂಡು ಹೂಟಗಳ್ಳಿಯ ಹತ್ತಿರದ ನಮ್ಮ ಮನೆಗೆ ವಾಪಸ್ ಬಂದೆ. ಮಗಳ ಸ್ಕೂಲು ಮುಗಿಯುವವರೆಗೆ ಹೆಂಡತಿ ಬೆಂಗಳೂರಿನಲ್ಲೇ ಉಳಿದಳು. ಬಂದವರೆಲ್ಲ "ಎಂಥ ಮಗ, ಕೆಲಸ ಬದಲಾಯಿಸಿಕೊಂಡು ಬಂದ ನೋಡಿ" ಅಂದರು. ಆ ಹೊಗಳಿಕೆ ಕೇಳಿದಾಗೆಲ್ಲ ನನಗೆ ಒಳಗೊಳಗೇ ಕಸಿವಿಸಿ ಆಗುತ್ತಿತ್ತು. ಯಾಕೆಂದರೆ ನಾನು ಮೈಸೂರಿಗೆ ಬಂದಿದ್ದೆ, ಆದರೆ ಅಪ್ಪನ ಹತ್ತಿರಕ್ಕೆ ಬಂದಿರಲಿಲ್ಲ.

ನಮ್ಮಿಬ್ಬರ ನಡುವೆ ಮೊದಲೂ ಮಾತು ಕಡಿಮೆ. ಜಗಳವೇನೂ ಇರಲಿಲ್ಲ. ಅಪ್ಪ ಡ್ಯೂಟಿಯಿಂದ ಬರುವಾಗ ನಾನು ಮಲಗಿರುತ್ತಿದ್ದೆ, ನಾನು ಏಳುವ ಹೊತ್ತಿಗೆ ಅವರು ಡಿಪೋಗೆ ಹೊರಟಿರುತ್ತಿದ್ದರು. ನೈಟ್ ಹಾಲ್ಟ್ ಇದ್ದರೆ ಎರಡು ದಿನ ಮುಖವೇ ಕಾಣುತ್ತಿರಲಿಲ್ಲ. ದೊಡ್ಡವನಾದ ಮೇಲೆ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು." "ಮತ್ತೆ?" "ಏನಿಲ್ಲ." "ಅಮ್ಮಂಗೆ ಕೊಡ್ಲಾ?" ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಅಪ್ಪ ಮಗನ ಮಾತು ಇಷ್ಟೇ ಅಲ್ವಾ?

ಡಾಕ್ಟರು ಇದಕ್ಕೆ ಅಫೇಸಿಯಾ ಅನ್ನುತ್ತಾರೆ ಅಂದರು. ಮಾತನ್ನು ಕಟ್ಟುವ ಜಾಗಕ್ಕೆ ಪೆಟ್ಟಾಗಿದೆ, ಆದರೆ ನಾವು ಹೇಳುವುದು ಅವರಿಗೆ ಬಹುಪಾಲು ಅರ್ಥವಾಗುತ್ತದೆ ಅಂತ ಬಿಡಿಸಿ ಹೇಳಿದರು. ಇದು ಮನೆಗೆ ಬರುವವರಿಗೆ ತಲೆಗೆ ಹೋಗುತ್ತಲೇ ಇರಲಿಲ್ಲ. ಕೆಲವರು ಅಪ್ಪನಿಗೆ ಕಿವಿ ಕೇಳುವುದಿಲ್ಲವೇನೋ ಅನ್ನುವ ಹಾಗೆ ಕೂಗಿ ಮಾತಾಡುತ್ತಿದ್ದರು. ಇನ್ನು ಕೆಲವರು ಅವರ ಎದುರಿಗೇ ಅಮ್ಮನನ್ನು "ಗುರುತು ಸಿಗುತ್ತಾ ಇವ್ರಿಗೆ?" ಅಂತ ಕೇಳುತ್ತಿದ್ದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಕೈ ಬರುತ್ತೆ ಅಂತ ಹೇಳಿ ಹೋದವರೂ ಇದ್ದಾರೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು "ರೈಟ್" ಅನ್ನುತ್ತಿದ್ದರು.

ಈಗ ಒಂದು ರಾತ್ರಿಯ ವಿಷಯ ಹೇಳಬೇಕು. ಜನವರಿ ಇರಬೇಕು. ರಾತ್ರಿ ಎರಡು ಗಂಟೆ. ಅಪ್ಪ "ರೈಟ್, ರೈಟ್" ಅಂತ ಶುರು ಮಾಡಿದರು. ಎದ್ದು ನೀರು ಕೊಟ್ಟೆ, ಬೇಡ. ಯೂರಿನ್ ಕ್ಯಾನ್ ಹಿಡಿದೆ, ಬೇಡ. ಫ್ಯಾನ್ ನಿಲ್ಲಿಸಿದೆ, ರಗ್ಗು ಹೊದಿಸಿದೆ, ತೆಗೆದೆ, ದಿಂಬು ಸರಿ ಮಾಡಿದೆ, ಲೈಟ್ ಹಾಕಿದೆ. ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿ ಮತ್ತೆ "ರೈಟ್". ದನಿ ಏರುತ್ತಾ ಹೋಯಿತು. ಎಡಗೈಯಿಂದ ಮಂಚದ ಕಂಬಿಯನ್ನು ಹಿಡಿದು ಅಲ್ಲಾಡಿಸತೊಡಗಿದರು. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಕೊನೆಗೆ ನಾನು ಕಿರುಚಿದೆ. "ಏನ್ ಬೇಕು ಅಂತ ಸರಿಯಾಗಿ ಹೇಳಪ್ಪಾ! ನಂಗೂ ಬೆಳಿಗ್ಗೆ ಆಫೀಸಿದೆ!"

ಅಪ್ಪ ಸುಮ್ಮನಾದರು. ಕಂಬಿ ಬಿಟ್ಟರು. ಆಮೇಲೆ ಮುಖವನ್ನು ನಿಧಾನವಾಗಿ ಗೋಡೆ ಕಡೆ ತಿರುಗಿಸಿಕೊಂಡರು.

ಅವರಿಗೆ ಆ ರಾತ್ರಿ ಏನು ಬೇಕಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕಷ್ಟ ಬಂದರೆ ಮನುಷ್ಯ ಮೆತ್ತಗಾಗುತ್ತಾನೆ, ಬೇರೆಯವರ ನೋವು ಅರ್ಥವಾಗುತ್ತದೆ ಅಂತ ಹೇಳುವುದನ್ನು ಎಲ್ಲ ಕಡೆ ಕೇಳಿದ್ದೇನೆ. ನನ್ನ ಅನುಭವ ಅದಲ್ಲ. ಮೊದಲ ನಾಲ್ಕೈದು ತಿಂಗಳು ಕಷ್ಟ ನನ್ನನ್ನು ಕಲ್ಲು ಮಾಡಿತು. ಆಫೀಸಿನಲ್ಲಿ ಒಬ್ಬ ಹುಡುಗ ಫೋನ್ ಕಳೆದುಹೋಯಿತು ಅಂತ ಸಪ್ಪಗೆ ಕೂತಿದ್ದರೆ, ಇದೂ ಒಂದು ಕಷ್ಟವಾ ಅನ್ನಿಸುತ್ತಿತ್ತು. ಧಾರವಾಡದಲ್ಲಿರುವ ಅಕ್ಕ ದಿನಾ ರಾತ್ರಿ ಫೋನ್ ಮಾಡಿ ಅಳುತ್ತಿದ್ದಳು. ಫೋನಿನಲ್ಲಿ ಅಳೋದು ಸುಲಭ, ಬಂದು ಒಂದು ದಿನ ಬೆಡ್‌ಪ್ಯಾನ್ ತೆಗಿ ನೋಡೋಣ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಒಮ್ಮೆ ಬಾಯಿಬಿಟ್ಟು ಅಂದೂಬಿಟ್ಟೆ. ಆಮೇಲೆ ಅವಳು ಎರಡು ವಾರ ನನಗೆ ಫೋನ್ ಮಾಡಲಿಲ್ಲ, ಅಮ್ಮನಿಗೆ ಮಾತ್ರ ಮಾಡುತ್ತಿದ್ದಳು. ನೋವನ್ನು ತಕ್ಕಡಿಗೆ ಹಾಕಿ ತೂಗುವುದು ಆಗ ನನಗೆ ಅಭ್ಯಾಸವಾಗಿಹೋಗಿತ್ತು. ನನ್ನದೇ ಯಾವಾಗಲೂ ಜಾಸ್ತಿ ತೂಗುತ್ತಿತ್ತು.

ಕಷ್ಟ ತಾನಾಗಿ ಏನನ್ನೂ ಕಲಿಸುವುದಿಲ್ಲ. ಯಾರಾದರೂ ಬಂದು ತೋರಿಸಿಕೊಡಬೇಕು. ನನಗೆ ತೋರಿಸಿಕೊಟ್ಟವರು ಅಪ್ಪನ ಡ್ರೈವರ್.

ಅವರು ಅಪ್ಪನ ಜೊತೆ ಹನ್ನೊಂದು ವರ್ಷ ಒಂದೇ ರೂಟಿನಲ್ಲಿ ಬಸ್ ಓಡಿಸಿದವರು. ಅವರೂ ರಿಟೈರ್ ಆಗಿ ಹುಣಸೂರಿನಲ್ಲಿದ್ದರು. ಫೆಬ್ರವರಿಯ ಒಂದು ಭಾನುವಾರ ಒಂದು ಕೈಚೀಲದಲ್ಲಿ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. "ಏನ್ ಕಂಡಕ್ಟ್ರೇ" ಅಂದರು. ಅಪ್ಪ "ರೈಟ್" ಅಂದರು. "ಹೂಂ, ಬೇಜಾರ್ ಮಾಡ್ಕೊಂಡಿದೀರ" ಅಂತ ಅವರು ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಹೇಗಿದ್ದೀರಿ, ಕೈ ಎತ್ತಿ ನೋಡೋಣ, ನನ್ನ ಹೆಸರು ಹೇಳಿ ನೋಡೋಣ, ಇಂಥದ್ದೇನನ್ನೂ ಕೇಳಲಿಲ್ಲ. ಕಿತ್ತಳೆ ಸುಲಿಯುತ್ತಾ, ಒಂದೊಂದೇ ತೊಳೆಯ ಬೀಜ ತೆಗೆದು ಅಪ್ಪನ ಎಡಗೈಗೆ ಕೊಡುತ್ತಾ, ಡಿಪೋ ಸುದ್ದಿ ಹೇಳುತ್ತಾ ಹೋದರು. ಯಾರಿಗೆ ವರ್ಗವಾಯಿತು, ಯಾರ ಮಗಳ ಮದುವೆ, ಬೈಲಕುಪ್ಪೆಯ ಹತ್ತಿರ ಯಾವ ಹೋಟೆಲ್ ಮುಚ್ಚಿತು. ಅಪ್ಪ ನಡುನಡುವೆ "ರೈಟ್" ಅನ್ನುತ್ತಿದ್ದರು. ಅದಕ್ಕೆ ಅವರು "ಅದೇ ಮತ್ತೆ", "ಇಲ್ಲ ಇಲ್ಲ, ಅವನಲ್ಲ, ಅವನ ತಮ್ಮ", "ಅಯ್ಯೋ, ಅದನ್ನ ಕೇಳ್ಬೇಡಿ" ಅಂತ ಉತ್ತರ ಕೊಡುತ್ತಿದ್ದರು. ಅಪ್ಪ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ಗೇಟಿನ ಹತ್ತಿರ ಕೇಳಿದೆ. "ಅಂಕಲ್, ಅಪ್ಪ ಹೇಳೋದು ನಿಮಗೆ ಹೇಗೆ ಅರ್ಥ ಆಯ್ತು? ಬರೀ ರೈಟ್ ಅಂತಾರಲ್ಲ."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ನಾನು ನಿಮ್ಮಪ್ಪನ ಮುಖ ನೋಡ್ಕೊಂಡು ಬಸ್ ಓಡಿಸಿಲ್ಲ ಕಣಪ್ಪ. ನನ್ನ ಬೆನ್ನು ಅವ್ರ ಕಡೆ. ದನಿ ಕೇಳ್ಕೊಂಡೇ ಓಡಿಸಿದ್ದು. ವಯಸ್ಸಾದೋರು ಹತ್ತುತಾ ಇದ್ರೆ ಒಂಥರಾ ರೈಟ್. ಸ್ಕೂಲ್ ಮಕ್ಕಳು ಫುಟ್‌ಬೋರ್ಡ್ ಮೇಲೆ ನಿಂತಿದ್ರೆ ಒಂಥರಾ. ಕುಡ್ಕ ಹತ್ತಿದ್ರೆ ಒಂಥರಾ. ಲೇಟಾಗಿದ್ರೆ ಒಂಥರಾ. ಚಿಲ್ಲರೆಗೆ ಜಗಳ ಆಡಿ ಬೇಜಾರಾಗಿದ್ರೆ, ಅದೂ ಗೊತ್ತಾಗ್ತಿತ್ತು. ನಿಮ್ಮಪ್ಪನ ಹತ್ರ ಒಂದು ರೈಟ್ ಇಲ್ಲ ಮಗಾ, ಇಪ್ಪತ್ತು ಇದೆ."

ಆಮೇಲೆ ಹುಣಸೂರು ಬಸ್ಸಿಗೆ ಟೈಮಾಯಿತು ಅಂತ ಹೊರಟುಹೋದರು.

ಅವತ್ತು ರಾತ್ರಿ ನಾನು ಮಗಳ ಒಂದು ಹಳೆಯ ಎರಡು ಗೆರೆ ನೋಟ್‌ಬುಕ್ ತೆಗೆದುಕೊಂಡು ಅಪ್ಪನ ಮಂಚದ ಪಕ್ಕ ಇಟ್ಟೆ. ಅಕೌಂಟ್ಸ್ ಮಾಡುವವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ದಿನಾಂಕ, ಹೊತ್ತು, ರೈಟ್ ಹೇಗಿತ್ತು, ಕೊನೆಗೆ ಏನು ಬೇಕಿತ್ತು ಅಂತ ಬರೆಯತೊಡಗಿದೆ. ಮೊದಲ ವಾರ ಎಲ್ಲವೂ ಒಂದೇ ಥರ ಕೇಳಿಸಿತು. ಎರಡನೇ ವಾರ ಒಂದು ಸಿಕ್ಕಿತು. ಕೊನೆಯಲ್ಲಿ ದನಿ ಮೇಲಕ್ಕೆ ಹೋದರೆ ಅದು ಪ್ರಶ್ನೆ. ಯಾರು ಬಂದರು, ಫೋನಿನಲ್ಲಿ ಯಾರು, ಅಮ್ಮ ಎಲ್ಲಿ. ಎರಡು ಒಟ್ಟೊಟ್ಟಿಗೆ ಅಂಟಿಕೊಂಡು "ರೈಟ್ರೈಟ್" ಅಂತ ಬಂದರೆ ಆಯ್ತು, ಸಾಕು, ಇನ್ನು ಹೊರಡಿ. ಹಲ್ಲು ಕಚ್ಚಿಕೊಂಡು ಸಣ್ಣಗೆ ಬಂದರೆ ಬಲಭುಜದ ನೋವು. ಸ್ವಾಧೀನ ತಪ್ಪಿದ ಕೈಯ ಭಾರಕ್ಕೆ ಭುಜದ ಕೀಲು ಕೆಳಕ್ಕೆ ಜಗ್ಗಿ ನೋಯುತ್ತದೆ ಅಂತ ಫಿಸಿಯೋಥೆರಪಿಯವರು ಹೇಳಿದ್ದರು. ಆ ಕೈಯ ಕೆಳಗೆ ದಿಂಬು ಇಟ್ಟರೆ ಸ್ವಲ್ಪ ಆರಾಮ.

ಒಂದು ರೈಟ್ ಮಾತ್ರ ತುಂಬಾ ದಿನ ಅರ್ಥವಾಗಲಿಲ್ಲ. ಅದರಲ್ಲಿ ದನಿಯೇ ಇರುತ್ತಿರಲಿಲ್ಲ, ಬರೀ ಉಸಿರು. ಬೆಳಿಗ್ಗೆ ಪಂಚೆ ಬದಲಾಯಿಸುವಾಗ, ಒರೆಸುವಾಗ ಬರುತ್ತಿತ್ತು, ಮುಖ ಗೋಡೆ ಕಡೆ ಇರುತ್ತಿತ್ತು. ನಾನು ಅದನ್ನು ನೋವು ಅಂದುಕೊಂಡು ಇನ್ನೂ ಬೇಗ ಬೇಗ ಕೆಲಸ ಮುಗಿಸುತ್ತಿದ್ದೆ. ಅವರಿಗೂ ನನಗೂ ಮುಜುಗರ ಆಗಬಾರದು ಅಂತ ಟಿವಿ ಜೋರಾಗಿ ಇಡುತ್ತಿದ್ದೆ. ಒಂದು ದಿನ ನೋಟ್‌ಬುಕ್ಕಿನಲ್ಲಿ ಬರೆಯುವಾಗ ಕೈ ನಿಂತಿತು. ಅದು ನಾಚಿಕೆ. ಸಾವಿರಾರು ಜನರ ನಡುವೆ ಖಾಕಿ ಅಂಗಿಗೆ ಇಸ್ತ್ರಿ ಮಾಡಿ ಹಾಕಿಕೊಂಡು ಓಡಾಡಿದ ಮನುಷ್ಯ, ಮಗನ ಎದುರು ಬತ್ತಲೆ ಮಲಗಿದ್ದಾರೆ. ಮಗ ಒಂದು ಮಾತೂ ಆಡದೆ, ಟಿವಿ ಹಾಕಿಕೊಂಡು, ಪಾತ್ರೆ ತಿಕ್ಕುವ ಹಾಗೆ ಅವರನ್ನು ಒರೆಸುತ್ತಿದ್ದಾನೆ.

ಮಾರನೇ ದಿನದಿಂದ ಟಿವಿ ಹಾಕಲಿಲ್ಲ. "ಅಪ್ಪ, ಈಗ ಪಂಚೆ ಬಿಚ್ತೀನಿ. ನೀರು ಬೆಚ್ಚಗಿದೆ, ಮುಟ್ಟಿ ನೋಡು" ಅಂತ ಅವರ ಎಡಗೈಯನ್ನು ಬಕೆಟ್ಟಿಗೆ ಅದ್ದಿಸುತ್ತಿದ್ದೆ. ಮೇಲೊಂದು ಟವೆಲ್ ಹೊದಿಸಿಯೇ ಒರೆಸುತ್ತಿದ್ದೆ. ಮುಖ ಗೋಡೆ ಕಡೆಯಿಂದ ಈ ಕಡೆ ತಿರುಗಲು ಮೂರು ವಾರ ಬೇಕಾಯಿತು.

ಮಾತಿನ ಥೆರಪಿಗೆ ಮಾನಸಗಂಗೋತ್ರಿಯ ಪಕ್ಕದ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಿದ್ದೆವು. ಮೈಸೂರಿನವರಿಗೆ ಇದು ಗೊತ್ತಿರುತ್ತೆ, 1960ರ ದಶಕದಿಂದ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿನ ಬೆಂಚಿನ ಮೇಲೆ ನಮ್ಮ ಪಕ್ಕ ಒಬ್ಬ ತಾಯಿ ಕೂರುತ್ತಿದ್ದಳು, ಮೂರು ವರ್ಷದ ಕಿವಿ ಕೇಳಿಸದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. "ಇನ್ನೂ ಅಮ್ಮ ಅಂದಿಲ್ಲಣ್ಣ ಇವ್ಳು" ಅಂದಳು ಒಂದು ದಿನ. ನಾವು ಹೋದ ಮಾತಿಗೆ ಕಾಯುತ್ತಿದ್ದೆವು, ಅವಳು ಇನ್ನೂ ಬರದ ಮಾತಿಗೆ. ಮೊದಲಾಗಿದ್ದರೆ ಇದನ್ನೂ ತಕ್ಕಡಿಗೆ ಹಾಕುತ್ತಿದ್ದೆನೇನೋ. ಅವತ್ತು ಹಾಕಲಿಲ್ಲ. ಮಗುವಿನ ಕೈಗೆ ಅಪ್ಪ ತಮ್ಮ ಕೋಲು ಕೊಟ್ಟರು, ಅದು ನೆಲಕ್ಕೆ ಬಡಿದು ಆಡಿತು.

ಥೆರಪಿಸ್ಟ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯಿಪಾಠವಾಗಿ ಹೋದದ್ದು ಮಿದುಳಿನಲ್ಲಿ ಬೇರೆ ಥರ ಉಳಿದಿರುತ್ತದೆ ಅಂತ ಹೇಳಿಕೊಟ್ಟವರು ಅವರೇ. ಮಗ್ಗಿ, ದೇವರ ಹೆಸರು, ವಾರಗಳು, ಹಾಡು, ಬೈಗುಳ. ಸ್ವಂತವಾಗಿ ಒಂದು ಲೋಟ ನೀರು ಕೇಳಲಾಗದವರು ಎಷ್ಟೋ ಸಲ ಹಾಡು ಹೇಳುತ್ತಾರಂತೆ. ಅಪ್ಪನಿಗೆ ಏನು ಬಾಯಿಪಾಠ ಇರಬಹುದು ಅಂತ ಕೇಳಿದರು. ನಾನು ಯೋಚಿಸಿ "ಸ್ಟಾಪುಗಳು" ಅಂದೆ. ಅವರು ಅಪ್ಪನ ಎದುರು ಕೂತು, "ಮೈಸೂರು" ಅಂದರು. ಕಾದರು. ಇನ್ನೊಮ್ಮೆ "ಮೈಸೂರು..." ಅಂತ ಎಳೆದರು. ಅಪ್ಪನ ತುಟಿ ಅಲ್ಲಾಡಿತು. "ಇ... ಇಲವಾಲ." ನಾನು ಉಸಿರು ಬಿಗಿಹಿಡಿದೆ. "ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ." ಒಂದೇ ಉಸಿರಿಗೆ, ಸ್ಪಷ್ಟವಾಗಿ, ಹಳೆಯ ದನಿಯಲ್ಲಿ. ಆದರೆ "ಹುಣಸೂರು" ಅಂತ ನಾವು ನಡುವಿನಿಂದ ಶುರು ಮಾಡಿದರೆ ಅವರಿಗೆ ಮುಂದಿನದು ಬರುತ್ತಿರಲಿಲ್ಲ. ಮೈಸೂರಿನಿಂದಲೇ ಹೊರಡಬೇಕಿತ್ತು.

ಅಪ್ಪ ಆಗ ಅತ್ತರು. ಅವರು ತುಂಬಾ ಅಳುತ್ತಿದ್ದರು, ಇದನ್ನೂ ಹೇಳಬೇಕು. ಮೊಮ್ಮಗಳು ಬಂದರೆ ಅಳು, ಹೋದರೆ ಅಳು, ಟಿವಿಯಲ್ಲಿ ಜಾಹೀರಾತು ಬಂದರೂ ಅಳು. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಅಳು, ನಗುವಿನ ಕಡಿವಾಣ ಸಡಿಲವಾಗುತ್ತದೆ, ಪ್ರತಿ ಕಣ್ಣೀರಿನ ಹಿಂದೆಯೂ ದುಃಖ ಇರಲೇಬೇಕು ಅಂತಿಲ್ಲ ಅಂತ ಡಾಕ್ಟರು ಹೇಳಿದ್ದರು. ಇದು ನನಗೆ ದೊಡ್ಡ ಪಾಠವಾಯಿತು. ಇನ್ನೊಬ್ಬರ ಮುಖ ನೋಡಿ "ನನಗೆ ಗೊತ್ತಾಯ್ತು" ಅಂದುಕೊಳ್ಳುವುದು ಎಷ್ಟು ಸುಲಭ. ನನ್ನ ನೋಟ್‌ಬುಕ್ಕಿನಲ್ಲೂ ಹೊಡೆದುಹಾಕಿದ ಸಾಲುಗಳೇ ಜಾಸ್ತಿ ಇವೆ. ಗೊತ್ತಾಯಿತು ಅಂದುಕೊಂಡು, ಕೇಳಿ ನೋಡಿ, ಅಲ್ಲ ಅಂತ ತಿಳಿದು, ಹೊಡೆದುಹಾಕಿದ್ದು.

ಕೇಳುವುದಾದರೂ ಹೇಗೆ? ಹೌದು, ಇಲ್ಲ ಎರಡೂ ಅಪ್ಪನಿಗೆ ಅದಲುಬದಲಾಗುತ್ತಿತ್ತು. ತಲೆ ಆಡಿಸುವುದೂ ಒಮ್ಮೊಮ್ಮೆ ತಪ್ಪುತ್ತಿತ್ತು. ಅದಕ್ಕೆ ದಾರಿಯೂ ಬಸ್ಸಿನಿಂದಲೇ ಬಂತು. ಬಸ್ಸಿನಲ್ಲಿ ಒಂದು ಬೆಲ್ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಮಂಚದ ಕಂಬಿಗೆ ಒಂದು ಸ್ಟೀಲ್ ಚಮಚ ಕಟ್ಟಿದೆ. ಒಂದು ಸದ್ದು ಅಂದರೆ ಬೇಡ, ಎರಡು ಅಂದರೆ ಹೌದು. ಅದು ಅವರಿಗೆ ಒಂದು ಸಲವೂ ತಪ್ಪಲಿಲ್ಲ.

ಆ ಹೊತ್ತಿನಲ್ಲಿ ಒಂದಷ್ಟು ಓದಿಕೊಂಡೆ. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಅನ್ನುವ ಡಾಕ್ಟರ ಬಳಿಗೆ ಲೆಬೋರ್ನ್ ಅನ್ನುವ ರೋಗಿ ಬಂದನಂತೆ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಅವನಿಗೆ ಹೇಳಲು ಬರುತ್ತಿದ್ದುದು "ಟಾನ್" ಅನ್ನುವ ಒಂದೇ ಸದ್ದು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಟಾನ್ ಅಂತಲೇ ಕರೆಯುತ್ತಿದ್ದರು. ತಾನು ಹೇಳಿದ್ದು ಅರ್ಥವಾಗದಿದ್ದರೆ ಅವನಿಗೆ ವಿಪರೀತ ಸಿಟ್ಟು ಬರುತ್ತಿತ್ತಂತೆ. ಅವನು ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಮಿದುಳನ್ನೂ, ಆಮೇಲೆ ಅಂಥದೇ ಇನ್ನಷ್ಟು ರೋಗಿಗಳ ಮಿದುಳನ್ನೂ ನೋಡಿ ಬ್ರೋಕಾ ಮಾತಿನ ಜಾಗ ಎಡಗಡೆ ಮುಂದಿದೆ ಅಂತ ತೋರಿಸಿಕೊಟ್ಟಿದ್ದು. ಆ ಜಾಗಕ್ಕೆ ಇವತ್ತಿಗೂ ಡಾಕ್ಟರನದೇ ಹೆಸರು. ನನಗೆ ಮಾತ್ರ ಆ ರೋಗಿಯೇ ಮನಸ್ಸಿನಲ್ಲಿ ಉಳಿದ. ಅಷ್ಟು ವರ್ಷದಲ್ಲಿ ಅವನ ಟಾನ್‌ಗಳಲ್ಲಿ ಎಷ್ಟು ಬಗೆ ಇದ್ದವೋ, ಯಾರಾದರೂ ಕಿವಿಗೊಟ್ಟು ಕೇಳಿದರೋ ಇಲ್ಲವೋ.

ಥೆರಪಿಸ್ಟ್ ಒಂದು ಬೋರ್ಡ್ ಮಾಡಲು ಹೇಳಿದ್ದರು. ಚಿತ್ರ, ಪಕ್ಕದಲ್ಲಿ ಪದ. ನೀರು, ಊಟ, ಬಾತ್‌ರೂಮ್, ಮಾತ್ರೆ. ಇನ್ನೊಂದು ಬದಿಯಲ್ಲಿ ಮುಖಗಳು, ಮನಸ್ಸಿಗೆ ಏನಾಗುತ್ತಿದೆ ಅಂತ ತೋರಿಸಲು. ಹೆಂಡತಿ ಮಗಳು ಅಷ್ಟು ಹೊತ್ತಿಗೆ ಮೈಸೂರಿಗೆ ಬಂದಿದ್ದರು. ಮಗಳು ಮುಖ ಬರೆದಳು, ಪದ ನಾನು ಬರೆಯಬೇಕು. "ಬೇಜಾರು" ಅಂತ ಬರೆದೆ. ಮುಂದಕ್ಕೆ ಏನು ಬರೆಯುವುದು ಅಂತ ಹೊಳೆಯಲೇ ಇಲ್ಲ.

ನೋಡಿ, ನಾವು ಎಲ್ಲದಕ್ಕೂ ಬೇಜಾರು ಅಂತೀವಿ. ಕೆಲಸವಿಲ್ಲದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಸತ್ತರೂ ಬೇಜಾರು. ಪಾರ್ಸಿಯಿಂದ ಬಂದ ಪದ ಅದು, ನಮ್ಮ ಮನೆಮನೆಯಲ್ಲೂ ಜಾಗ ಮಾಡಿಕೊಂಡು ಕೂತಿದೆ. ಅಮ್ಮನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಾ ಒಂದೊಂದೇ ಹೇಳುತ್ತಾ ಹೋದಳು. ದಿಗಿಲು. ತಳಮಳ. ಸಂಕಟ. ರೇಜಿಗೆ. ಅಳುಕು. ಹೊಟ್ಟೆಯಲ್ಲಿ ಕಿವುಚಿದ ಹಾಗೆ ಆಗೋದು. ಕರುಳು ಚುರುಕ್ ಅನ್ನೋದು. ಎದೆ ಧಸಕ್ ಅನ್ನೋದು. ಜೀವ ಹಿಂಡೋದು. "ಇದೆಲ್ಲ ನಿಂಗೆ ಆಗುತ್ತೇನಮ್ಮ?" ಅಂದೆ. "ಆಗದೆ ಏನು? ನಿಮ್ಮಪ್ಪನಿಗೆ ಹಿಂಗಾದಾಗಿಂದ ದಿನಾ ಸಾಯಂಕಾಲ ಆರು ಗಂಟೆಗೆ ದಿಗಿಲು ಹತ್ತುತ್ತೆ. ಯಾಕೋ ಗೊತ್ತಿಲ್ಲ. ದೀಪ ಹಚ್ಚಿದ ಮೇಲೆ ಕಡಿಮೆ ಆಗುತ್ತೆ" ಅಂದಳು. ಆರು ತಿಂಗಳಿಂದ ಒಂದೇ ಮನೆಯಲ್ಲಿದ್ದೆ. ಅವಳನ್ನು ನಾನು ಕೇಳಿಯೇ ಇರಲಿಲ್ಲ.

ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ಹೇಳಲು ಪದವೇ ಸಿಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಅಂತ ಒಂದು ಹೆಸರಿದೆ. 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಅನ್ನುವ ಮನೋವೈದ್ಯರು ಇಟ್ಟ ಹೆಸರು. ನನಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಓದಿದಾಗ ಎದೆ ಧಸಕ್ ಅಂದಿದ್ದು ನಿಜ. ಅಪ್ಪನ ಬಳಿ ಒಂದೇ ಪದ ಉಳಿದಿದೆ ಅಂತ ಕೊರಗುತ್ತಿದ್ದೆ. ನನ್ನ ಬಳಿ ಹುಟ್ಟಿದಾಗಿನಿಂದ ಇದ್ದಿದ್ದೂ ಒಂದೇ ಅಲ್ವಾ? ಏನಿಲ್ಲ. ಹೆಂಡತಿ ಯಾಕೆ ಸಪ್ಪಗಿದೀಯ ಅಂತ ಕೇಳಿದರೆ ಏನಿಲ್ಲ. ಅಕ್ಕ ಕೇಳಿದರೆ ಏನಿಲ್ಲ. "ನಿಮಗೆ ಹೇಗಿದೆ ಸಾರ್? ಮನೆಯವರಿಗೂ ಕಷ್ಟವೇ" ಅಂತ ಥೆರಪಿಸ್ಟ್ ಕೇಳಿದಾಗಲೂ "ಏನಿಲ್ಲ ಮೇಡಂ, ಪರವಾಗಿಲ್ಲ" ಅಂದಿದ್ದೆ.

ಬೋರ್ಡ್ ತಯಾರಾದ ಮೇಲೆ ಒಂದು ಸಂಜೆ. ಆಫೀಸಿನಿಂದ ಬಂದು ಅಪ್ಪನ ಪಕ್ಕ ಕೂತಿದ್ದೆ. ಆ ತಿಂಗಳ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಫಿಸಿಯೋಥೆರಪಿ, ಮಾತ್ರೆ, ಮಗಳ ಫೀಸು, ಮನೆ ಸಾಲದ ಕಂತು. ಅಪ್ಪನ ಎದೆಯ ಮೇಲೆ ಬೋರ್ಡ್ ಇಟ್ಟು "ಹೇಗಿದೆ ಅಪ್ಪ ಇವತ್ತು?" ಅಂದೆ. ಅವರು ಬೋರ್ಡ್ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎಡಗೈಯಿಂದ ಬೋರ್ಡನ್ನು ಹಿಡಿದು, ತಿರುಗಿಸಿ, ನನ್ನ ಕಡೆಗೆ ನೂಕಿದರು. "ರೈಟ್?" ಅಂದರು. ದನಿ ಕೊನೆಯಲ್ಲಿ ಮೇಲಕ್ಕೆ ಹೋಯಿತು.

"ನಂಗೇನಪ್ಪ? ಏನಿಲ್ಲ" ಅಂದೆ.

ಚಮಚ ತೆಗೆದುಕೊಂಡು ಕಂಬಿಗೆ ಒಂದು ಸಲ ಹೊಡೆದರು. ಟಣ್. ಬೇಡ.

ಬೋರ್ಡಿನಲ್ಲಿ ಏನಿಲ್ಲ ಅನ್ನುವ ಮುಖ ಇರಲೇ ಇಲ್ಲ. ನಾನು ಬೆರಳನ್ನು "ಸುಸ್ತು" ಮೇಲೆ ಇಟ್ಟೆ. ಅವರು ಸ್ವಲ್ಪ ಯೋಚಿಸಿ ಒಂದು ಸಲ ಹೊಡೆದರು. "ಕೋಪ" ಮೇಲೆ ಇಟ್ಟೆ. ಒಂದು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಪಕ್ಕದಲ್ಲಿ ಮಗಳು ಬರೆದ ಇನ್ನೊಂದು ಮುಖ ಇತ್ತು, ದೊಡ್ಡ ದೊಡ್ಡ ಕಣ್ಣು, ಬಾಯಿ ಸಣ್ಣ ಸೊನ್ನೆ. ಅಮ್ಮ ಹೇಳಿದ ಪದ, ದಿಗಿಲು. ಅದರ ಮೇಲೆ ಬೆರಳಿಟ್ಟೆ.

ಟಣ್ ಟಣ್.

ಜನವರಿಯ ಆ ರಾತ್ರಿ ಕಿರುಚಿದ್ದು ಕೋಪ ಅಂತಲೇ ಅಲ್ಲಿಯವರೆಗೆ ತಿಳಿದಿದ್ದೆ. ಅದು ಕೋಪವಲ್ಲ. ಇವರು ಹೀಗೇ ಉಳಿದುಬಿಟ್ಟರೆ, ನನಗೆ ದುಡ್ಡು ಸಾಲದೆ ಹೋದರೆ, ನಮ್ಮಪ್ಪ ನನ್ನ ಜೊತೆ ಒಂದು ಮಾತೂ ಸರಿಯಾಗಿ ಆಡದೆ ಹೊರಟುಹೋದರೆ ಅನ್ನುವ ದಿಗಿಲು. "ಅಪ್ಪ, ಅವತ್ತು ರಾತ್ರಿ ಕೂಗಾಡಿದೆನಲ್ಲ..." ಅಂತ ಶುರು ಮಾಡಿದೆ. ಮುಂದಕ್ಕೆ ಬರಲಿಲ್ಲ. ಅವರ ಹಾಗೆ ನನಗೂ ನಡುವಿನಿಂದ ಹೊರಡಲು ಬರಲಿಲ್ಲ. ಅಪ್ಪ ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟು "ರೈಟ್ರೈಟ್" ಅಂದರು.

ಆ ವಾರವೇ ಅಕ್ಕನಿಗೆ ಫೋನ್ ಮಾಡಿದೆ. ಮೊದಲ ಸಲ ನಾನಾಗಿ. ಅವಳು ಅಳಲು ಶುರು ಮಾಡಿದಾಗ "ಧೈರ್ಯ ತಗೋ" ಅನ್ನಲಿಲ್ಲ. ಸುಮ್ನೆ ಕೇಳಿದೆ. "ನೀನು ದಿನಾ ಅಪ್ಪನ್ನ ಮುಟ್ಟಿ ನೋಡ್ತೀಯ ಕಣೋ" ಅಂದಳು. "ನಂಗೆ ಫೋನ್ ರಿಂಗಾದಾಗೆಲ್ಲ ಕೈ ತಣ್ಣಗಾಗುತ್ತೆ. ರಾತ್ರಿ ಹೊತ್ತಾದ್ರೆ ಎತ್ತೋಕೇ ಆಗಲ್ಲ." ದೂರ ಇರುವವರ ಕಷ್ಟ ಹೇಗಿರುತ್ತೆ ಅಂತ ನಾನು ಕೇಳಿದ್ದು ಆಗ. ಅವತ್ತಿನಿಂದ ಅವಳಿಗೆ ದಿನಾ ಬೆಳಿಗ್ಗೆ ಅಪ್ಪನ ಒಂದು ರೈಟ್ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಕೆಲವು ವಾರಗಳಲ್ಲಿ ಅವಳು ನನಗಿಂತ ಚೆನ್ನಾಗಿ ಗುರುತಿಸತೊಡಗಿದಳು.

ಈಗ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡಬಹುದು. ನಮಗೆ ಆಗ ಅದು ಇರಲಿಲ್ಲ. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುತ್ತಿರುವವರು ಬಳಸಿಕೊಳ್ಳಿ ಅಂತ ಹೇಳಬೇಕು ಅನ್ನಿಸಿತು.

2019ರ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಎರಡನೇ ಪದ ಬಂತು. "ಸಾಕು." ಅಮ್ಮ ಮೂರನೇ ಸಲ ಉಪ್ಪಿಟ್ಟು ಬಡಿಸಲು ಹೋದಾಗ. ಅಮ್ಮ ಸೌಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಆಮೇಲೆ ಬಾ, ನೀರು, ಬೇಡ, ಮೊಮ್ಮಗಳ ಹೆಸರಿನ ಮೊದಲ ಅರ್ಧ.

2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿಗೆ ಎಲ್ಲ ನಿಂತುಹೋಯಿತು. ಥೆರಪಿಯೂ ನಿಂತಿತು. ನಮ್ಮ ಮನೆ ಹುಣಸೂರು ರಸ್ತೆಗೆ ಹತ್ತಿರ, ಹುಟ್ಟಿದಾಗಿನಿಂದ ಬಸ್ಸಿನ ಸದ್ದು ಕೇಳಿಕೊಂಡೇ ಬೆಳೆದವನು ನಾನು, ಆ ಸದ್ದಿಲ್ಲದ ಮನೆ ನನಗೂ ಹೊಸದು. ಅಪ್ಪನಿಗೆ ಅಷ್ಟು ಹೊತ್ತಿಗೆ ಕೋಲು ಹಿಡಿದು ಬಾಗಿಲವರೆಗೆ ನಡೆಯಲು ಬರುತ್ತಿತ್ತು. ದಿನಾ ಬೆಳಿಗ್ಗೆ ಹೊರಗೆ ಕುರ್ಚಿಯಲ್ಲಿ ಕೂತು ರಸ್ತೆ ಕಡೆ ಕಿವಿ ಇಡುತ್ತಿದ್ದರು. ಎರಡು ತಿಂಗಳು.

ಮೇ 19ರಂದು ಬಸ್ ಬಿಟ್ಟರು. ಒಂದು ಬಸ್ಸಿಗೆ 30 ಜನ ಮಾತ್ರ. ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಹೊರಗೆ ಬಂದೆ. ದೂರದಲ್ಲಿ ಗೇರ್ ಬದಲಾಯಿಸಿದ ಸದ್ದು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಬಸ್ಸು ಸ್ಟಾಪಿನಲ್ಲಿ ನಿಂತಿತು. ಬಾಗಿಲು ತೆಗೆದ ಸದ್ದು. ಯಾರೋ ಹತ್ತಿರಬೇಕು, ಸ್ವಲ್ಪ ಹೊತ್ತಾಯಿತು. ಅಪ್ಪನ ಎಡಗೈ ಕುರ್ಚಿಯ ತೋಳನ್ನು ಹಿಡಿದಿತ್ತು. ಬಾಗಿಲು ಮುಚ್ಚಿತು.

"ರೈಟ್" ಅಂದರು ಅಪ್ಪ. ಬಸ್ಸು ಹೊರಟಿತು.

ನೋಟ್‌ಬುಕ್ಕಿನಲ್ಲಿ ಇಲ್ಲದ ರೈಟ್ ಅದು. ಪ್ರಶ್ನೆಯಲ್ಲ, ನೋವಲ್ಲ, ಸಾಕು ಅನ್ನುವುದೂ ಅಲ್ಲ. ಅಮ್ಮ ಒಳಗಿನಿಂದ "ಏನಂತೆ?" ಅಂದಳು.

"ಗೊತ್ತಿಲ್ಲಮ್ಮ" ಅಂದೆ. ಇನ್ನೊಂದು ಕುರ್ಚಿ ಎಳೆದು ಅಪ್ಪನ ಪಕ್ಕಕ್ಕೆ ಹಾಕಿಕೊಂಡು ಕೂತೆ. ಮುಂದಿನ ಬಸ್ಸು ಎಷ್ಟು ಹೊತ್ತಿಗೋ ಅಂತ ಇಬ್ಬರೂ ರಸ್ತೆ ಕಡೆ ನೋಡುತ್ತಿದ್ದೆವು.